ಅರ್ಜಿಗೆ ಸೇರದ ನಾಯಿ

ಕಾರ್ಬನ್ ಕಾಗದಕ್ಕೆ ಒಂದು ವಾಸನೆಯುಂಟು. ನಿಮಗೆ ನೆನಪಿದೆಯೋ ಇಲ್ಲವೋ ಕಾಣೆ. ಅದು ಮೇಣದ್ದೂ ಅಲ್ಲ, ಸೀಮೆಎಣ್ಣೆಯದೂ ಅಲ್ಲ, ಎರಡರ ನಡುವೆ ಎಲ್ಲೋ ನಿಂತದ್ದು. ಮೊನ್ನೆ ನಂಜನಗೂಡಿನ ಮನೆಯ ಅಟ್ಟದಿಂದ ಕಬ್ಬಿಣದ ಟ್ರಂಕನ್ನು ಇಳಿಸಿ ಮುಚ್ಚಳ ತೆಗೆದೆ. ಇಷ್ಟು ವರ್ಷ ಕಾದು ಕುಳಿತಿದ್ದಂತೆ ಆ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ನೀಲಿ ಅಕ್ಷರದ ಹೇಳಿಕೆಗಳ ಕಟ್ಟು. ಅಷ್ಟೂ ನನ್ನ ಕೈಬರಹ.

ಟ್ರಂಕು ಇಳಿಸಲು ಕಾರಣ ಮೈಸೂರಿನ ಒಬ್ಬ ವಕೀಲೆಯ ಫೋನು. ಹಳೆಯ ಪ್ರಕರಣಗಳನ್ನು ಮತ್ತೆ ತೆರೆಸಲು ಕೆಲವರು ಪ್ರಯತ್ನಿಸುತ್ತಿದ್ದಾರಂತೆ. “ಹಿಂದೆ ಹೇಳದೇ ಇದ್ದ ಹೊಸ ಸಂಗತಿ ಏನಾದರೂ ಸಿಕ್ಕರೆ ಮಾತ್ರ ದಾರಿಯಿದೆ ಸರ್. ನಿಮ್ಮ ಹತ್ತಿರ ಏನಿದೆ?” ಎಂದು ಆ ಹೆಣ್ಣುಮಗಳು ಕೇಳಿದಳು. ಹುಡುಕುತ್ತೇನೆ ಎಂದೆ. ಹುಡುಕುವ ಅಗತ್ಯವಿರಲಿಲ್ಲ. ಹೇಳದೇ ಉಳಿದದ್ದು ಏನೆಂಬುದು ಈ ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೇ.

ನನ್ನ ಪರಿಚಯವನ್ನು ಸ್ವಲ್ಪ ಮಾಡಿಕೊಡಬೇಕು. ಹುಟ್ಟಿದ್ದು ಕಳಲೆಯಲ್ಲಿ, ಏಳನೆಯ ತರಗತಿಗೆ ಶಾಲೆಗೂ ನನಗೂ ಋಣ ಹರಿಯಿತು. ಆಮೇಲಿನ ವಿದ್ಯೆಯೆಲ್ಲ ಅಂಗಡಿಯ ಪೊಟ್ಟಣದ ಕಾಗದ ಮತ್ತು ಹಳೆಯ ಕಾನೂನು ಪುಸ್ತಕಗಳಿಂದ ಬಂದದ್ದು. ಹೀಗೆ ಕಲಿತವನಿಗೆ ಯಾರ ಮಾತನ್ನೂ ಸುಮ್ಮನೆ ಒಪ್ಪದ ಚಾಳಿ ಅಂಟುತ್ತದೆ. ನಮ್ಮೂರ ದಳವಾಯಿಗಳ ಶೌರ್ಯದ ಕಥೆಯನ್ನು ಹಿರಿಯರು ತೆಗೆದರೆ “ನೋಡಿದವರು ಯಾರು? ಬರೆದವರು ಯಾರು?” ಎಂದು ಕೇಳುತ್ತಿದ್ದೆ. ನಾನು ಜಗುಲಿ ಹತ್ತಿದರೆ ಕಥೆಗಳೇ ನಿಂತುಹೋಗುತ್ತಿದ್ದವು. ಬರೆದವರು ಯಾರು ಎಂಬ ಪ್ರಶ್ನೆ ಒಂದು ದಿನ ನನ್ನ ಕಡೆಗೇ ತಿರುಗೀತೆಂದು ಮಾತ್ರ ಎಣಿಸಿರಲಿಲ್ಲ.

ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದಡಿ ಕುಳಿತು ಅರ್ಜಿ ಬರೆಯುವುದು ನನ್ನ ಕಸುಬು. ಜನ ಬರುತ್ತಾರೆ, ಅಳುತ್ತಾರೆ, ಬೈಯುತ್ತಾರೆ, ಮೂರು ತಲೆಮಾರಿನ ಜಗಳವನ್ನು ಬಿಚ್ಚುತ್ತಾರೆ. ಅರ್ಜಿ ಬರೆಯುವವನು ಅದರಲ್ಲಿ ಕಚೇರಿಗೆ ಬೇಕಾದ ನಾಲ್ಕು ಸಾಲನ್ನು ಹೆಕ್ಕಿ ಉಳಿದದ್ದನ್ನು ಗಾಳಿಗೆ ಬಿಡುತ್ತಾನೆ. ಮೊರದಲ್ಲಿ ರಾಗಿ ಕೇರಿದಂತೆ. ಹೊಟ್ಟು ಯಾವುದು, ಕಾಳು ಯಾವುದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಎರಡು ತಾಲ್ಲೂಕಿನಲ್ಲಿಲ್ಲ ಎಂಬ ಹಮ್ಮು ನನಗಿತ್ತು.

ಈ ಹೇಳಿಕೆಗಳನ್ನು ಬರೆದ ಕಾಲದಲ್ಲಿ ನಮ್ಮ ಸೀಮೆಯಾಚೆಯ ಕಾಡಿನಲ್ಲಿ ಬಂದೂಕು ಹಿಡಿದ ಒಂದು ಗುಂಪಿಗೂ ಅದನ್ನು ಹಿಡಿಯಲು ಬಂದ ಪಡೆಗೂ ವರ್ಷಗಟ್ಟಲೆ ಕಾಳಗ ನಡೆದಿತ್ತು. ನಡುವೆ ಸಿಕ್ಕವರು ಕಾಡಂಚಿನ ಜನ. ಗುಂಪಿಗೆ ಅಕ್ಕಿ ಕೊಟ್ಟಿರಿ ಎಂದು ಪಡೆಯವರು ಹಿಡಿದರು. ಪಡೆಗೆ ದಾರಿ ತೋರಿಸಿದಿರಿ ಎಂದು ಗುಂಪಿನವರು ಬಡಿದರು. ಶಿಬಿರಗಳಿಗೆ ಒಯ್ದವರಲ್ಲಿ ಹಲವರು ಹಿಂತಿರುಗಲಿಲ್ಲ. ಉಳಿದವರು ಕೆಳಗಿಳಿದು ಬಂದು ತಿ. ನರಸೀಪುರದ ಸುತ್ತಲಿನ ಇಟ್ಟಿಗೆ ಗೂಡುಗಳಲ್ಲಿ ಕೂಲಿಗೆ ನಿಂತರು. ಅವರ ಹೇಳಿಕೆಗಳನ್ನು ಸಂಗ್ರಹಿಸಿ, ಪಡೆಯ ಮೇಲಿನ ದೂರುಗಳ ಬಗ್ಗೆ ಸರ್ಕಾರ ನೇಮಿಸಿದ್ದ ವಿಚಾರಣೆಗೆ ಒಪ್ಪಿಸಲು ನಿವೃತ್ತ ಶಾಲಾ ಶಿಕ್ಷಕರೊಬ್ಬರು ಐದಾರು ಜನರ ಒಂದು ಸಮಿತಿ ಕಟ್ಟಿದರು. ಎಲ್ಲರಿಗೂ ಅವರು ಮೇಷ್ಟ್ರು. ಕೊಡೆ ಹಿಡಿದು ನನ್ನ ಮರದಡಿಗೆ ಬಂದು, “ನಿನ್ನಂಥ ಅಕ್ಷರ ಯಾರದೂ ಇಲ್ಲ. ಬಾರಯ್ಯಾ, ಪುಣ್ಯ ಬರುತ್ತೆ,” ಎಂದರು. ಪುಣ್ಯದ ಬಗ್ಗೆಯೂ ನನಗೆ ಅನುಮಾನವೇ. ಅಕ್ಷರದ ಮಾತಿಗೆ ಕರಗಿಹೋದೆ.

ಹೇಳಿಕೆ ಕೊಡಲು ಸಿದ್ದಮ್ಮ ಬಂದದ್ದು ಹೆಮ್ಮಿಗೆಯಿಂದ. ಅದು ಆಕೆಯ ತವರು. ಪಡೆಯವರು ಗಂಡನನ್ನು ಒಯ್ದ ಮೇಲೆ ಕಾಡಂಚಿನ ಮನೆ ಬಿಟ್ಟು ಅಣ್ಣನ ಹಟ್ಟಿಗೆ ಬಂದಿದ್ದಳು. ನರಸೀಪುರದ ಒಂದು ಛತ್ರದ ಪಡಸಾಲೆಯಲ್ಲಿ ನನ್ನೆದುರು ಕುಕ್ಕರುಗಾಲಲ್ಲಿ ಕುಳಿತು ಹೇಳಿದಳು:

“ಉಣ್ತಾ ಕುಂತಿದ್ದ ಸಾ. ಮುದ್ದೆ ಮುರ್ದು ಸಾರ್ಗೆ ಅದ್ದಿದ್ದ, ಅಷ್ಟೊತ್ಗೆ ಜೀಪು ಬಂತು. ಎಂಜ್ಲು ಕೈಲೇ ಎಳ್ಕೊಂಡೋದ್ರು. ನಮ್ ಕೆಂಚ ಜೀಪಿನ್ ಹಿಂದೇನೇ ಓಡ್ತು. ಕೆಂಚ ಅಂದ್ರೆ ನಾಯಿ ಸಾ. ಮೂರ್ನೇ ದಿಸಕ್ಕೆ ನಾಯಿ ಒಂದೇ ವಾಪಸ್ ಬಂತು. ಅದ್ರ ಕುತ್ಗೇಲಿ ನಮ್ಮೆಜಮಾನ ಪಂಚೆ ಅಂಚು ಅರ್ದು ಕಟ್ಟಿದ್ದ. ದನ ಕಟ್ತಾನಲ್ಲ, ಅದೇ ಗಂಟು. ಅವಂದೇ ಕೈ ಸಾ. ‘ಬದ್ಕಿವ್ನಿ ಕಣೇ’ ಅಂತ ಯೋಳಿ ಕಳ್ಸವ್ನೆ.”

ಸೆರಗಿನ ತುದಿ ಬಿಚ್ಚಿ ಒಂದು ಬಟ್ಟೆಯ ತುಂಡನ್ನು ಅಂಗೈ ಮೇಲಿಟ್ಟು ತೋರಿಸಿದಳು. ನೋಡಿದೆ. ನೋಡಿ, ಪೆನ್ನಿನ ಮುಳ್ಳು ಒರೆಸಿಕೊಂಡೆ.

“ಅರ್ಜಿಗೆ ನಾಯಿ ಬೇಡಮ್ಮ. ಸಾಹೇಬರು ನಕ್ಕುಬಿಡ್ತಾರೆ.”

“ಆಗ್ಲಿ ಬುಡಿ ಸಾ. ನೀವು ಓದ್ಕಂಡೋರು.”

ಓದಿಕೊಂಡವನು ಬರೆದದ್ದು ಇದು, ಪ್ರತಿ ಈಗ ನನ್ನ ತೊಡೆಯ ಮೇಲಿದೆ: “ಸದರಿ ದಿನ ಬೆಳಗಿನ ಸಮಯದಲ್ಲಿ ಸಮವಸ್ತ್ರಧಾರಿಗಳಾದ ಕೆಲವರು ನನ್ನ ಪತಿಯನ್ನು ಅಕ್ರಮವಾಗಿ ವಶಕ್ಕೆ ಪಡೆದು ಅಜ್ಞಾತ ಸ್ಥಳಕ್ಕೆ ಕೊಂಡೊಯ್ದಿರುತ್ತಾರೆ. ತದನಂತರ ಅವರ ಯಾವುದೇ ಸುಳಿವು ಇರುವುದಿಲ್ಲ.” ಕೊನೆಯ ವಾಕ್ಯ ನನಗೆ ಬಹಳ ಹಿಡಿಸಿತ್ತು. ಗಂಭೀರವಾಗಿ ಮುಗಿಯುತ್ತದೆ ಎಂದು ಎಲ್ಲರ ಹೇಳಿಕೆಗೂ ಅದನ್ನೇ ಹಾಕಿದೆ. ಸುಳಿವು ಸೆರಗಿನಲ್ಲಿದ್ದವಳಿಗೂ.

ವಿಚಾರಣೆಯ ದಿನ ಬಸ್ಸಿನಲ್ಲಿ ನಾನು ಸೀಟಿಂದ ಸೀಟಿಗೆ ಹೋಗಿ, “ಕಾಗದದಲ್ಲಿ ಇರೋದನ್ನು ಬಿಟ್ಟು ಒಂದು ಮಾತೂ ಹೆಚ್ಚು ಆಡಬೇಡಿ,” ಎಂದು ಪ್ರತಿಯೊಬ್ಬರಿಗೂ ಬೋಧಿಸಿದೆ. ಸಭಾಂಗಣದಲ್ಲಿ ವಿಚಾರಣಾಧಿಕಾರಿ ಕಟ್ಟನ್ನು ತಿರುವಿ ಹಾಕುತ್ತ ಕೇಳಿದರು: “ಇವೆಲ್ಲ ಬರೆದವರು ಯಾರು?”

ನಿಮ್ಮಲ್ಲಿ ಮುಚ್ಚುಮರೆ ಏಕೆ? ಹೊಗಳಿಕೆ ಬಂತೆಂದೇ ತಿಳಿದೆ. ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಎದ್ದು ನಿಂತು, “ನಾನೇ ಸ್ವಾಮಿ,” ಎಂದೆ.

“ಅನುಭವಿಸಿದ್ದೂ ನೀವೇನೋ?” ಎಂದರು. ಸಭೆ ನಕ್ಕಿತು. ನಾಯಿಯನ್ನು ಹೊರಗಿಟ್ಟು ತಪ್ಪಿಸಿಕೊಂಡಿದ್ದ ನಗು ನನ್ನ ಮೇಲೆ ಬಂದು ಬಿತ್ತು.

ಪಡೆಯ ಪರವಾಗಿ ಬಂದವರು ತಮ್ಮ ಹೇಳಿಕೆ ಓದಿದರು. ಸಿದ್ದಮ್ಮನ ಗಂಡನನ್ನು ಶಿಬಿರಕ್ಕೆ ತಂದೇ ಇರಲಿಲ್ಲವಂತೆ. ದಾರಿಯಲ್ಲಿ ತಪ್ಪಿಸಿಕೊಂಡು ಗುಂಪನ್ನು ಸೇರಿ, ಮರುದಿನವೇ ಗುಂಡಿನ ಚಕಮಕಿಯಲ್ಲಿ ಸತ್ತನಂತೆ. ಮರುದಿನ! ಮೂರನೆಯ ದಿನ ನಾಯಿ ಹೊತ್ತು ತಂದ ಗಂಟು ನನ್ನ ಕಣ್ಣ ಮುಂದೆ ಬಂತು.

ಅಧಿಕಾರಿ ಒರಟರೇನೂ ಅಲ್ಲ. “ಈ ಕಾಗದದಲ್ಲಿ ಇರುವುದಲ್ಲದೆ ಬೇರೆ ಏನಾದರೂ ಹೇಳುವುದಿದೆಯೇ ತಾಯಿ?” ಎಂದು ಕೇಳಿದರು. ಸಿದ್ದಮ್ಮ ನನ್ನ ಕಡೆ ತಿರುಗಿ ನೋಡಿದಳು. ನಾನು ಎದ್ದು ನಿಂತು, ಈಕೆ ಹೇಳಿದ್ದಳು, ನಾನು ಬಿಟ್ಟೆ, ಎಂದಿದ್ದರೆ ಸಾಕಿತ್ತು. ಆಗಷ್ಟೇ ನಗೆಪಾಟಲಾಗಿದ್ದೆ. ನೆಲ ನೋಡಿದೆ.

“ಏನೂ ಇಲ್ಲ ಸಾ,” ಎಂದಳು ಆಕೆ.

ಹಿಂತಿರುಗುವ ಬಸ್ಸಿನಲ್ಲಿ ಮೇಷ್ಟ್ರಿಗೆ ಎಲ್ಲ ಹೇಳಿದೆ. ವಿಷಯಕ್ಕೆ ಸಂಬಂಧವಿಲ್ಲವೆಂದು ಬಿಟ್ಟೆ ಎಂದೆ. “ಸಂಬಂಧ ಇದ್ದದ್ದು ಅದೊಂದೇ ಕಣಯ್ಯಾ,” ಎಂದರು ಅವರು. ಮರುವಾರ ಹೆಚ್ಚುವರಿ ಹೇಳಿಕೆ ಹಿಡಿದು ಇಬ್ಬರೂ ಅಲೆದೆವು. ವಿಚಾರಣೆಯ ಕಚೇರಿಯವರು ಅವಧಿ ಮುಗಿದಿದೆ ಎಂದರು. ಈಗ ನೆನಪಾಯಿತೇ ಎಂದರು. ಒಂದೇ ಬಾಯಿಂದ ಬಂದಂಥ, ಯಾರೋ ಹೇಳಿಕೊಟ್ಟಂಥ ಹೇಳಿಕೆಗಳು ನಂಬಲರ್ಹವಲ್ಲ ಎಂದು ವರದಿ ಬಂತು. ಮೇಷ್ಟ್ರು ತೀರಿಕೊಂಡರು. ಸಮಿತಿ ಅವರ ಜೊತೆಗೇ ಹೋಯಿತು.

ಇಂದಿಗೂ ಹೋಟೆಲಿನಲ್ಲಿ ಆ ಕಾಲದ ಮಾತು ಬಂದರೆ, “ಅವರೆಲ್ಲ ಯೋಳ್ಕೊಟ್ಟಿದ್ದನ್ನ ಒಪ್ಪಿಸೋರು ಕಣ್ರೀ, ಸಾಕ್ಷಿ ಎಲ್ಲಿತ್ತು?” ಎನ್ನುವವರಿದ್ದಾರೆ. ಎಲ್ಲ ಕಥೆಗೂ ಅಡ್ಡ ಬಾಯಿ ಹಾಕುವ ನಾನು ಈ ಕಥೆಯೆದುರು ಕಾಫಿ ಲೋಟ ಹಿಡಿದು ಸುಮ್ಮನಿರುತ್ತೇನೆ.

ಫೋನು ಬಂದ ಮಾರನೆಯ ದಿನವೇ ಹೆಮ್ಮಿಗೆಗೆ ಹೋದೆ. ಈ ಸಲ ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುವುದು, ಒಂದು ಮಾತನ್ನೂ ಕೇರುವುದಿಲ್ಲ ಎಂದು ಶಪಥ ಮಾಡಿಕೊಂಡಿದ್ದೆ. ಸಿದ್ದಮ್ಮನ ತಲೆ ಪೂರ್ತಿ ಬೆಳ್ಳಗಾಗಿದೆ. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಗುರುತು ಹಿಡಿದು, “ಬಂದ್ರಾ ಸಾ? ಇನ್ನೂ ಬದ್ಕಿದ್ದೀರಾ!” ಎಂದು ನಕ್ಕಳು.

“ಸಿದ್ದಮ್ಮ, ಆವತ್ತು ನಡೆದದ್ದನ್ನ ಇನ್ನೊಂದು ಸಲ ಹೇಳು,” ಎಂದೆ.

ಅವರೆಕಾಯಿಯ ಮೊರ ಕೆಳಗಿಟ್ಟಳು. ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿ, ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತ ಶುರುಮಾಡಿದಳು: “ಸದ್ರಿ ದಿನ ಬೆಳಿಗ್ಗೆ ಸಮಯದಲ್ಲಿ ಸಮವಸ್ತ್ರದಾರಿಗಳಾದ ಕೆಲವ್ರು ನನ್ ಪತೀನ ಅಕ್ರಮವಾಗಿ ವಸಕ್ಕೆ ಪಡ್ದು…”

ಪೂರ್ತಿ ಹೇಳಿದಳು, ಸುಳಿವು ಇರುವುದಿಲ್ಲ ಎಂಬವರೆಗೂ. ಪತ್ರಿಕೆಯವರು, ಸಂಘದವರು, ಕೇಳಬಂದ ಪ್ರತಿಯೊಬ್ಬರ ಮುಂದೆಯೂ ಇಷ್ಟು ವರ್ಷ ಇದನ್ನೇ ಒಪ್ಪಿಸಿರಬೇಕು.

“ಅದಲ್ಲ ತಾಯಿ. ನಾಯಿ ವಿಷಯ ಹೇಳು. ಕೆಂಚ.”

“ಯಾವ್ ನಾಯಿ ಸಾ?”

“ಜೀಪಿನ ಹಿಂದೆ ಓಡಿತ್ತಲ್ಲ. ಕುತ್ತಿಗೆಯಲ್ಲಿ ಪಂಚೆ ಅಂಚು… ಸೆರಗಿನಲ್ಲಿ ಕಟ್ಟಿಕೊಂಡಿದ್ದೆಯಲ್ಲ?”

ಆಕೆ ಸೆರಗಿನ ತುದಿಯನ್ನು ಎತ್ತಿ ನೋಡಿಕೊಂಡಳು. ನನ್ನ ಮುಖದಲ್ಲಿ ಏನನ್ನು ಕಂಡಳೋ, ನನ್ನನ್ನು ಸಮಾಧಾನ ಮಾಡುವವಳಂತೆ ಅಂದಳು: “ನಾಯಿ ಬಂತು ಅಂತ ಯೋಳ್ಬೇಕಾ ಸಾ? ಯೋಳ್ತೀನಿ ಬುಡಿ. ನೀವು ಒಂದ್ಸಲ ಸರಿಯಾಗಿ ಯೋಳ್ಕೊಡಿ, ಅಂಗೇ ಯೋಳ್ತೀನಿ.”

ವರದಿಯಲ್ಲಿ ಇದ್ದ ಸುಳ್ಳು ನನ್ನ ಕಣ್ಣೆದುರೇ ನಿಜವಾಗಲು ಸಿದ್ಧವಾಗಿ ಕುಳಿತಿತ್ತು. ಬೇಡ ಎಂದೆ. ಆಕೆ ಕೊಟ್ಟ ಮಜ್ಜಿಗೆ ಕುಡಿದು ಬಸ್ಸು ಹತ್ತಿದೆ.

ಈಗ ಟ್ರಂಕಿನ ಪಕ್ಕದಲ್ಲೇ ಕುಳಿತಿದ್ದೇನೆ. ವಕೀಲೆಗೆ ಕೊಡಲು ನನ್ನದೇ ಹೇಳಿಕೆ ಬರೆಯುತ್ತಿದ್ದೇನೆ: ಆಕೆ ಏನು ಹೇಳಿದಳು, ನಾನು ಏನನ್ನು ಬಿಟ್ಟೆ. ಫೋನಿನಲ್ಲಿ ತಿಳಿಸಿದಾಗ ಆ ಹೆಣ್ಣುಮಗಳು, “ಆಕೆಗೇ ನೆನಪಿಲ್ಲದ್ದನ್ನು ನೀವು ಹೇಳಿದರೆ ನಿಲ್ಲುವುದು ಕಷ್ಟ ಸರ್, ಆದರೂ ಕಳಿಸಿ,” ಎಂದಳು. ನಿಲ್ಲುವುದಿಲ್ಲವೆಂದು ನನಗೂ ಗೊತ್ತು. ನೋಡಿದವರು ಯಾರು ಎಂದು ಕೇಳುತ್ತಾರೆ. ಬರೆದವರು ಯಾರು ಎಂದೂ ಕೇಳುತ್ತಾರೆ. ಎರಡಕ್ಕೂ ಈಗ ನಾನೊಬ್ಬನೇ ಉತ್ತರ. ಇಂಥವನನ್ನು ನಾನಾಗಿದ್ದರೂ ನಂಬುತ್ತಿರಲಿಲ್ಲ.

ಹಳೆಯ ಕಾರ್ಬನ್ ಹಾಳೆಯನ್ನೇ ಕೆಳಗಿಟ್ಟು ಒತ್ತಿ ಬರೆದಿದ್ದೇನೆ. ಶಾಯಿ ಒಣಗಿಹೋಗಿದೆ, ಅಡಿಯ ಪ್ರತಿಯಲ್ಲಿ ಮೂಡಿರುವುದು ಅಲ್ಲೊಂದು ಇಲ್ಲೊಂದು ಅಕ್ಷರ. ಎಂಜಲು ಕೈ, ಜೀಪು, ಕೆಂಚ, ದನ ಕಟ್ಟುವ ಗಂಟು, ಎಲ್ಲವನ್ನೂ ಬರೆದೆ. ಪಂಚೆಯ ಅಂಚಿನ ಬಣ್ಣ ಬರೆಯಬೇಕಾದಲ್ಲಿ ಪೆನ್ನು ನಿಂತಿತು. ಹಸಿರೋ, ಕೆಂಪೋ. ಆಕೆಯ ಅಂಗೈ ಮೇಲೆ ಕಣ್ಣಾರೆ ಕಂಡದ್ದು. ಮೊದಲಾಗಿದ್ದರೆ ಹಸಿರು ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದೆ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.