ತೊಡೆಯ ಮೇಲೆ ಕೂರದ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಮ್ಮೆ ಮಾತ್ರ ಆ ಸಾಹಸ ಮಾಡಿದ್ದೆ, ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನಲ್ಲಿ. ಪಕ್ಕದಲ್ಲಿ ಕೂತಿದ್ದ ಯಾತ್ರಿಕಳೊಬ್ಬಳು ಹಪ್ಪಳದಷ್ಟು ತೆಳ್ಳಗಿನ ಒಂದನ್ನು ತೊಡೆಯ ಮೇಲೆ ತೆರೆದು ಟಕಟಕ ಬಡಿಯುತ್ತಿದ್ದಳು. ನನಗೂ ಆಸೆ ಹುಟ್ಟಿತು. ಬ್ಯಾಗಿನಿಂದ ನನ್ನದನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟೆ. ಇಳಿಯುವ ಹೊತ್ತಿಗೆ ನನ್ನ ಎಡಗಾಲು ನನ್ನದೇ ಹೌದೋ ಅಲ್ಲವೋ ಎಂದು ತಿಳಿಯದಷ್ಟು ಜೋಮು ಹಿಡಿದಿತ್ತು. ಕುಂಟುತ್ತಾ ಇಳಿದವಳನ್ನು ಕಂಡು ಕಂಡಕ್ಟರ್, "ಮೆಲ್ಲ ಅಕ್ಕ, ಉಳುಕಿತಾ?" ಎಂದು ಕೇಳಿದ. ಲ್ಯಾಪ್‌ಟಾಪ್ ಇಟ್ಟುಕೊಂಡು ಹೀಗಾಯಿತು ಎನ್ನಲು ನಾಚಿಕೆಯಾಗಿ ಹೌದೆಂದು ತಲೆಯಾಡಿಸಿದೆ.

ಹೆಸರಿಟ್ಟವರದ್ದೇ ತಪ್ಪು ಎನ್ನುವುದು ನನ್ನ ವಾದ. ನನ್ನ ಯಂತ್ರ ಕಂಪ್ಯೂಟರ್ ಗೇಮ್ ಆಡುವವರಿಗೆಂದು ಮಾಡಿದ್ದು. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನ ಕೆಲಸವನ್ನೆಲ್ಲ ಇದೊಂದೇ ಮಾಡಬೇಕು, ಆದರೆ ಹೊತ್ತುಕೊಂಡು ಹೋಗಲೂ ಬರಬೇಕು ಎಂಬ ಹಠದಿಂದ ಹುಟ್ಟಿದ ಜಾತಿ ಇದು. ಹೊತ್ತುಕೊಂಡು ಹೋಗಬಹುದು ಎಂದರೆ ಹಾರ್ಮೋನಿಯಂ ಕೂಡ ಹೊತ್ತುಕೊಂಡು ಹೋಗುವಂಥದ್ದೇ ತಾನೆ? ಚಾರ್ಜರೊಂದೇ ಒಂದು ಇಟ್ಟಿಗೆಯಷ್ಟಿದೆ. ಕೀಲಿಮಣೆಯ ಕೆಳಗೆ ಏಳು ಬಣ್ಣದ ದೀಪಗಳು ಮಿನುಗುತ್ತವೆ. ಪಂಚಾಯತ್ ಆಫೀಸಿನಲ್ಲಿ ಮೊದಲ ಸಲ ತೆರೆದಾಗ ಗುಮಾಸ್ತರು, "ಎಂತ ಮಾರಾಯ್ರೆ, ಆರ್ಕೆಸ್ಟ್ರಾ ಉಂಟಾ?" ಎಂದಿದ್ದರು.

ನಾನು ಆಡುವವಳಲ್ಲ. ನಲವತ್ತೇಳರ ಹೆಂಗಸು, ಕಡಬದಲ್ಲಿ ಒಂದು ಕೋಣೆಯ ಆಫೀಸಿಟ್ಟುಕೊಂಡು ಮನೆಗಳ ಪ್ಲಾನು ಬಿಡಿಸುತ್ತೇನೆ. ಹಿಂದೆ ಪುತ್ತೂರಿನ ಎಂಜಿನಿಯರೊಬ್ಬರ ಬಳಿ ಟ್ರೇಸಿಂಗ್ ಪೇಪರಿನ ಮೇಲೆ ಗೆರೆ ಎಳೆಯುತ್ತಿದ್ದವಳು, ಈಗ ಕಂಪ್ಯೂಟರಿನಲ್ಲಿ ಇಡೀ ಮನೆಯನ್ನೇ ಕಟ್ಟಿ ಅದರೊಳಗೆ ಜನರನ್ನು ನಡೆಸುತ್ತೇನೆ. ಬಾಗಿಲು ತೆರೆದು ಒಳಗೆ ಹೋಗಬಹುದು, ಮೆಟ್ಟಿಲು ಹತ್ತಬಹುದು, ಕಿಟಕಿಯಲ್ಲಿ ಇಣುಕಬಹುದು. ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡಿದರೆ ಒಂದು ಬಾಗಿಲು ತೆರೆಯುವಷ್ಟರಲ್ಲಿ ಚಹಾ ಕುಡಿದು ಲೋಟ ತೊಳೆದಿಡಬಹುದು. ದೊಡ್ಡ ಕಂಪ್ಯೂಟರನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಪೆರಾಬೆ, ಸುಳ್ಯ ಎಂದು ಸುತ್ತಲಾಗುವುದಿಲ್ಲ. ಹಾಗಾಗಿ ಆರು ವರ್ಷದ ಹಿಂದೆ ಇದನ್ನು ಕೊಂಡೆ. ಅಂಗಡಿಯವರು "ಮಗನಿಗಾ?" ಎಂದು ಕೇಳಿದರು. "ನನಗೆ" ಎಂದೆ. ಅವರ ಮುಖದಲ್ಲಿ ಮೂಡಿದ ನಗುವನ್ನು ನಾನಿನ್ನೂ ಕ್ಷಮಿಸಿಲ್ಲ.

ಈ ವರ್ಷ ಸೆಕೆ ಶುರುವಾಗುತ್ತಿದ್ದಂತೆ ಅದು ತೊಂದರೆ ಕೊಡಲು ಹಿಡಿಯಿತು. ಫ್ಯಾನಿನ ಸದ್ದು ಹುಲ್ಲು ಹೆರೆಯುವ ಮೆಷಿನ್ನಿನ ಹಾಗೆ. ನಡುನಡುವೆ ತಾನಾಗಿ ಆಫ್ ಆಗುವುದು. ಆಫೀಸಿನಲ್ಲಿ ಆದರೆ ಬೈದುಕೊಂಡು ಮತ್ತೆ ಹಾಕಬಹುದು. ಆದರೆ ಅದು ಕೈಕೊಟ್ಟದ್ದು ಸುಳ್ಯದಾಚೆಯ ಮಂಡೆಕೋಲಿನಲ್ಲಿ, ದೇವಕಿಯಕ್ಕನ ಎದುರು.

ದೇವಕಿಯಕ್ಕ ಮತ್ತು ಅವರ ಗಂಡ ಪದ್ಮಯ್ಯಣ್ಣ ಹೊಸ ಮನೆ ಕಟ್ಟಲು ಹೊರಟವರು. ಅವರ ಮನೆಮಾತು ಅರೆಭಾಷೆ. ನನಗೋಸ್ಕರ ಕನ್ನಡದಲ್ಲಿ ಮಾತಾಡುತ್ತಿದ್ದರು. ಮನೆ ಇವರದ್ದಾದರೂ ಮಾತು ಪದ್ಮಯ್ಯಣ್ಣನ ಅಣ್ಣ ಕುಶಾಲಪ್ಪನವರದ್ದು. ಪಕ್ಕದ ಮನೆಯಲ್ಲಿರುವ ಅವರು ಪ್ಲಾನಿನ ಪ್ರತಿ ಗೆರೆಗೂ ಬಂದು ಕೂರುತ್ತಿದ್ದರು. ದೇವಕಿಯಕ್ಕನಿಗೆ ಬೇಕಾಗಿದ್ದದ್ದು ಒಂದೇ: ಅಡಿಗೆ ಕೋಣೆ ಮನೆಯ ಎದುರುಗಡೆ, ಜಗಲಿಯಂಥ ಸಿಟೌಟಿನ ಪಕ್ಕದಲ್ಲಿ, ಅಂಗಳಕ್ಕೆ ಮುಖ ಮಾಡಿದ ಕಿಟಕಿಯೊಂದಿಗೆ. ಕುಶಾಲಪ್ಪನವರ ಪ್ರಕಾರ ಅಡಿಗೆ ಕೋಣೆ ಹಿಂದುಗಡೆಯೇ ಇರತಕ್ಕದ್ದು. ಯಾಕೆ ಎಂದರೆ, ಎಲ್ಲರ ಮನೆಯಲ್ಲೂ ಹಾಗೇ ಇದೆ.

ಹಿಂದೆ ಇದಕ್ಕೆ ಕಾರಣವಿತ್ತು. ಸೌದೆಯ ಹೊಗೆ, ಮಸಿ, ಹಿತ್ತಿಲ ಬಾವಿ, ಸೌದೆ ಕೊಟ್ಟಿಗೆ ಎಲ್ಲ ಒಂದಕ್ಕೊಂದು ಹತ್ತಿರವಿರಬೇಕಿತ್ತು. ಈಗ ಗ್ಯಾಸ್ ಬಂದಿದೆ, ನೀರು ನಳ್ಳಿಯಲ್ಲಿ ಬರುತ್ತದೆ, ಹೊಗೆ ಹೋಗಿದೆ. ಹೊಗೆಯ ಜೊತೆಗೆ ಹಿಂಬದಿಗೆ ಹೋದ ಹೆಂಗಸು ಮಾತ್ರ ಅಲ್ಲೇ ಇದ್ದಾಳೆ. ಇಷ್ಟು ವರ್ಷ ನೂರಾರು ಮನೆಗಳಿಗೆ ಅಡಿಗೆ ಕೋಣೆಯನ್ನು ಹಿಂಬದಿಗೆ ಬಿಡಿಸಿದವಳು ನಾನೇ ಎಂಬುದು ಆಗಲೇ ನನಗೆ ಹೊಳೆದದ್ದು.

"ನನಗೆ ಕಾಗದದಲ್ಲಿ ಏನೂ ಗೊತ್ತಾಗುದಿಲ್ಲ ಜಯಂತಿ," ಎಂದಿದ್ದರು ದೇವಕಿಯಕ್ಕ. "ಇವರೆಲ್ಲ ನೋಡಿ ತಲೆ ಆಡಿಸ್ತಾರೆ. ನಾನೂ ಆಡಿಸುದು."

ಹಾಗಾದರೆ ಒಳಗೆ ನಡೆದೇ ನೋಡಿ ಎಂದು ಅವರ ಮನೆಯನ್ನು ಯಂತ್ರದಲ್ಲಿ ಕಟ್ಟಿಕೊಂಡು ಹೋದೆ. ಜಗಲಿಯಲ್ಲಿ ಎಲ್ಲರೂ ಕೂತರು. ಅಂಗಳ ದಾಟಿದೆವು, ಸಿಟೌಟ್ ಹತ್ತಿದೆವು, ಅಡಿಗೆ ಕೋಣೆಯ ಬಾಗಿಲು ತೆರೆಯಿತು. ಆ ಕಿಟಕಿಯ ಕಡೆಗೆ ತಿರುಗುವಾಗ ಫ್ಯಾನು ಒಮ್ಮೆ ಕಿರುಚಿತು, ಪರದೆ ಕಪ್ಪಾಯಿತು.

ಕುಶಾಲಪ್ಪನವರು ತೊಡೆ ತಟ್ಟಿ ನಕ್ಕರು. "ನೋಡಿ! ಮಿಷನಿಗೇ ಒಪ್ಪಿಗೆ ಇಲ್ಲ ಆ ಅಡಿಗೆ ಕೋಣೆ!"

ಎಲ್ಲರೂ ನಕ್ಕರು. ದೇವಕಿಯಕ್ಕನೂ ನಕ್ಕರು. ನಕ್ಕು, "ಚಹಾ ಮಾಡ್ತೇನೆ" ಎಂದು ಎದ್ದು ಹಿಂದಿನ ಕತ್ತಲೆ ಕೋಣೆಗೆ ಹೋದರು.

ಮರುದಿನವೇ ಪುತ್ತೂರಿಗೆ ಹೋದೆ. ರಿಪೇರಿ ಅಂಗಡಿಯ ಸುಕೇಶ ನನಗೆ ಹಳೆಯ ಪರಿಚಯ. ಯಂತ್ರವನ್ನು ಹಾಕಿ ನೋಡಿ, ಸಾವಿನ ಮನೆಯ ದನಿಯಲ್ಲಿ, "ಅಕ್ಕ, ಇದಕ್ಕೆ ವಯಸ್ಸಾಯ್ತು. ಬಿಟ್ಟುಬಿಡಿ. ಹೊಸದು ತೆಗೊಳ್ಳಿ, ತೆಳ್ಳಗೆ, ಚಂದ ಉಂಟು" ಎಂದ.

ವಯಸ್ಸಾಯಿತು, ತೆಳ್ಳಗಿಲ್ಲ, ಸದ್ದು ಜಾಸ್ತಿ, ಬೇಗ ಬಿಸಿಯಾಗುತ್ತದೆ ಎಂಬ ಪಟ್ಟಿಯನ್ನು ನನ್ನ ವಯಸ್ಸಿನ ಹೆಂಗಸಿನ ಎದುರು ಓದಬಾರದು ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

"ಇದರಲ್ಲಿ ಎಂತೆಲ್ಲ ಬದಲಾಯಿಸ್ಲಿಕ್ಕೆ ಆಗ್ತದೆ, ಅದನ್ನು ಹೇಳು" ಎಂದೆ.

"ರ್‍ಯಾಮ್ ಹಾಕ್ಬಹುದು, ಎರಡು ಜಾಗ ಖಾಲಿ ಉಂಟು. ಡಿಸ್ಕ್ ಬದಲಾಯಿಸ್ಬಹುದು. ಬ್ಯಾಟರಿ, ಫ್ಯಾನು. ಆದ್ರೆ ಅಕ್ಕ, ಚಿತ್ರ ಓಡಿಸುವ ಗ್ರಾಫಿಕ್ಸ್ ಚಿಪ್ಪು ಬೋರ್ಡಿಗೇ ಬೆಸುಗೆ ಹಾಕಿದ್ದು. ಅದೇ ಅಲ್ವಾ ಮುಖ್ಯ? ಅದು ಹಳತೇ ಇರ್ತದೆ."

ಅವನ ಮಾತು ನಿಜ. ಒಂದು ದಿನ ಆ ಚಿಪ್ಪೇ ನನ್ನ ಕೈಬಿಡುತ್ತದೆ, ಆಗ ಯಾವ ಹಠವೂ ನಡೆಯುವುದಿಲ್ಲ. ಆದರೂ ಹೊಸದನ್ನು ನೋಡದೆ ಬಿಡುವುದು ನ್ಯಾಯವಲ್ಲ ಎಂದು ದೇವಕಿಯಕ್ಕನ ಮನೆಯನ್ನು ಅವನ ತೆಳ್ಳಗಿನ ಲ್ಯಾಪ್‌ಟಾಪಿಗೆ ಹಾಕಿಸಿದೆ. ಸುಳ್ಳು ಹೇಳಬಾರದು, ಮೊದಲು ಅದು ಓಡಿದ ರೀತಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಬಾಗಿಲುಗಳು ಬೆಣ್ಣೆಯಲ್ಲಿ ಕೂರಿಸಿದ ಹಾಗೆ ತೆರೆದವು. ಸುಕೇಶ ಗೆದ್ದವನಂತೆ ಚಹಾ ತರಿಸಿದ. ನಾನು ಚಹಾ ಕುಡಿದು, ಅವನ ಮನೆಯವರ ಕ್ಷೇಮ ವಿಚಾರಿಸಿ, ಊರಿನ ಸುದ್ದಿಯೆಲ್ಲ ಮುಗಿಸಿ, ಮನೆಯೊಳಗೆ ತಿರುಗುತ್ತಲೇ ಇದ್ದೆ. ಇಪ್ಪತ್ತು ನಿಮಿಷವಾಗುವಾಗ ಬಾಗಿಲು ತಡೆತಡೆದು ತೆರೆಯತೊಡಗಿತು. ಅಡಿಯನ್ನು ಮುಟ್ಟಿ ನೋಡಿದೆ. ದೋಸೆ ಹುಯ್ಯಬಹುದಿತ್ತು.

"ಬಿಸಿಯಾದಾಗ ಅದು ತಾನೇ ಸ್ಪೀಡ್ ಇಳಿಸ್ತದೆ," ಎಂದ ಸುಕೇಶ. "ಎಸಿ ರೂಮಲ್ಲಿ ಇಟ್ರೆ ಎಂತ ತೊಂದರೆ ಇಲ್ಲ."

"ಮಂಡೆಕೋಲಿನ ಜಗಲಿಗೆ ಎಸಿ ಹಾಕಿ ಕೊಡ್ತೀಯಾ ಮಾರಾಯ?"

ಅವನು ಚಹಾದ ಲೋಟಗಳನ್ನು ಎತ್ತಿಟ್ಟ. "ಇದಕ್ಕೆ ರ್‍ಯಾಮ್ ಹೆಚ್ಚಿಸ್ಲಿಕ್ಕೆ ಆಗ್ತದಾ?" ಎಂದು ಕೇಳಿದೆ. ಇಲ್ಲ, ಅದೂ ಬೆಸುಗೆಯಂತೆ. ಕೊಂಡ ದಿನ ಎಷ್ಟಿದೆಯೋ ಕೊನೆಯವರೆಗೂ ಅಷ್ಟೇ. "ನಾಳೆ ಕೆಲಸ ದೊಡ್ಡದಾದ್ರೆ?" "ಆಗ ಹೊಸದು ತೆಗೊಳ್ಳುದು" ಎಂದ. ಅವನ ಬಳಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರವಿತ್ತು.

ಬಿಸಿ ಎಲ್ಲಿಗಾದರೂ ಹೋಗಲೇಬೇಕು. ಬಚ್ಚಲಿಗೆ ತಾಮ್ರದ ಹಂಡೆ ಹೂಡಿದ ನಮ್ಮ ಹಿರಿಯರಿಗೆ ತಾಮ್ರಕ್ಕೂ ಬಿಸಿಗೂ ಇರುವ ಸ್ನೇಹ ಗೊತ್ತಿತ್ತು. ನನ್ನ ಯಂತ್ರದ ಹೊಟ್ಟೆಯಲ್ಲೂ ಬೆರಳಿನಗಲದ ತಾಮ್ರದ ಕೊಳವೆಗಳು ಮಲಗಿವೆ, ಅವುಗಳ ತುದಿಯಲ್ಲಿ ಎರಡು ಫ್ಯಾನುಗಳು. ಅದು ದಪ್ಪವಾಗಿರುವುದು ಸೋಮಾರಿತನದಿಂದಲ್ಲ. ದಪ್ಪ ಇದ್ದದ್ದರಿಂದಲೇ ಅದು ದುಡಿದದ್ದು. ಈ ವಾಕ್ಯವನ್ನು ನಾನು ಯಂತ್ರದ ಬಗ್ಗೆಯಷ್ಟೇ ಹೇಳುತ್ತಿದ್ದೇನೆಂದು ನೀವು ನಂಬಬೇಕಾಗಿಲ್ಲ.

"ಬಿಚ್ಚು" ಎಂದೆ. ಸುಕೇಶ ಬಿಚ್ಚಿದ. ತಾಮ್ರದ ತುದಿಯ ಸಂದುಗಳಲ್ಲಿ ಕೆಂಪುಕಲ್ಲಿನ ಧೂಳು ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಕಲ್ಲು ಕೊಯ್ಯುವ ಸೈಟುಗಳಲ್ಲೆಲ್ಲ ಅದನ್ನು ತೆರೆದಿಟ್ಟವಳು ನಾನೇ. ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಎರಡು ಸಿಪ್ಪೆಗಳೂ ಸಿಕ್ಕವು. "ಬಾಣಂತನವೂ ಆಗಿದೆ ಅಕ್ಕ ಇದರೊಳಗೆ," ಎಂದ ಅವನು, ಮೊದಲ ಸಲ ಮನಸ್ಸು ಬಿಚ್ಚಿ ನಗುತ್ತಾ. ಧೂಳು ತೆಗೆದ, ಚಿಪ್ಪಿನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ, ಒಣಗಿಹೋಗಿದ್ದ ಪೇಸ್ಟು ಕೆರೆದು ಹೊಸದು ಬಳಿದ, ಖಾಲಿ ಜಾಗಕ್ಕೆ ರ್‍ಯಾಮ್ ತುಂಬಿದ, ಡಿಸ್ಕನ್ನೂ ಬ್ಯಾಟರಿಯನ್ನೂ ಬದಲಿಸಿದ. ನಾನೂ ನನ್ನ ಪಾಲಿನ ತಪ್ಪು ತಿದ್ದಿದೆ. ಅಂದಕ್ಕೆಂದು ಚಿತ್ರದ ಅಂಗಳದ ಮೂರು ತೆಂಗಿನ ಮರಗಳಿಗೆ ಒಂದೊಂದು ಗರಿಯನ್ನೂ ಬಿಡಿಸಿಟ್ಟಿದ್ದೆ. ಯಂತ್ರದ ಅರ್ಧ ಉಸಿರು ಆ ಮರಗಳಿಗೇ ಹೋಗುತ್ತಿತ್ತು. ಮೂರನ್ನೂ ಕಡಿದೆ.

ಮುಂದಿನ ವಾರ ಮತ್ತೆ ಮಂಡೆಕೋಲು. ಬೆಳಗ್ಗೆ ಹನ್ನೊಂದು ಗಂಟೆ, ಅದೇ ಜಗಲಿ, ಅದೇ ಜನ. ಕುಶಾಲಪ್ಪನವರು ನಗಲು ತಯಾರಾಗಿಯೇ ಬಂದಿದ್ದರು. ನಾನು ಯಂತ್ರ ತೆರೆದು ಚಾರ್ಜರ್ ಸಿಕ್ಕಿಸಿದೆ. ಕರೆಂಟು ಹೋಯಿತು.

ಈ ಜಾತಿಯ ಯಂತ್ರಗಳಿಗೆ ಬ್ಯಾಟರಿ ಇರುವುದು ಮರ್ಯಾದೆಗೆ. ಗೋಡೆಯ ಕರೆಂಟು ಇಲ್ಲದಿದ್ದರೆ ಅರ್ಧ ಶಕ್ತಿಯೂ ಇಲ್ಲ, ಚಿತ್ರ ಕುಂಟುತ್ತದೆ. ಮನೆಯ ಇನ್ವರ್ಟರ್ ಹೊತ್ತಿಕೊಂಡಿತು, ಆದರೆ ನನ್ನ ಚಾರ್ಜರಿನ ಹಸಿವು ಕಂಡು ಕೀ ಕೀ ಎಂದು ಕೂಗಲು ಶುರು ಮಾಡಿತು.

"ಇನ್ವರ್ಟರಿಗೆ ತಡೆಯುದಿಲ್ಲ, ಇನ್ನೊಂದು ದಿನ ನೋಡುವ," ಎಂದು ಕುಶಾಲಪ್ಪನವರು ಏಳಲು ಹೊರಟರು.

"ಕೂತ್ಕೊಳ್ಳಿ ಭಾವ," ಎಂದರು ದೇವಕಿಯಕ್ಕ.

ದನಿ ದೊಡ್ಡದೇನಲ್ಲ. ಆದರೆ ಅವರು ಕೂತರು. ದೇವಕಿಯಕ್ಕ ಒಳಗೆ ಹೋಗಿ ಫ್ರಿಜ್ಜಿನ ಪ್ಲಗ್ ಕಿತ್ತರು. ಟಿವಿ ಆರಿಸಿದರು. ಇನ್ವರ್ಟರ್ ಇನ್ನೂ ಕೂಗುತ್ತಿತ್ತು. ಜಗಲಿಗೆ ಬಂದು, ಗಂಡಸರ ತಲೆಯ ಮೇಲೆ ತಿರುಗುತ್ತಿದ್ದ ಎರಡು ಫ್ಯಾನುಗಳ ಸ್ವಿಚ್ಚನ್ನೂ ಒತ್ತಿದರು. ಕೂಗು ನಿಂತಿತು. ಕುಶಾಲಪ್ಪನವರು ಶಾಲಿನಿಂದ ಕುತ್ತಿಗೆ ಒರೆಸಿಕೊಂಡರು.

"ಕೊಡು ಜಯಂತಿ, ಹೇಗೆ ನಡೆಯುದು ಹೇಳು. ನಾನೇ ನಡೀತೇನೆ."

ಬಾಣದ ಗುರುತಿನ ಕೀಲಿಗಳನ್ನು ತೋರಿಸಿದೆ. ಮೊದಲು ಅವರು ಸೀದಾ ಹೋಗಿ ಕಂಬಕ್ಕೆ ಗುದ್ದಿದರು. ಆಮೇಲೆ ಬಾವಿಯ ಸುತ್ತ ಎರಡು ಸುತ್ತು ಹಾಕಿದರು. ಯಾರೂ ನಗಲಿಲ್ಲ. ಸಿಟೌಟ್ ಹತ್ತಿ, ಬಾಗಿಲು ತೆರೆದು, ಅಡಿಗೆ ಕೋಣೆಗೆ ಹೋಗಿ ಕಿಟಕಿಯ ಎದುರು ನಿಂತರು. ಯಂತ್ರ ಬಿಸಿ ಗಾಳಿಯನ್ನು ಭುಸ್ಸೆಂದು ಬಿಡುತ್ತಿತ್ತು, ಚಿತ್ರ ಮಾತ್ರ ಒಮ್ಮೆಯೂ ತಡೆಯಲಿಲ್ಲ. ಅಂಗಳ, ತುಳಸಿಕಟ್ಟೆ, ಅದರಾಚೆ ಗೇಟು. ದೇವಕಿಯಕ್ಕ ಅಲ್ಲೇ ನಿಂತರು.

"ಮೂವತ್ತು ವರ್ಷ ಆಯ್ತು," ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ಮನೆಗೆ ಯಾರು ಬಂದ್ರು ಅಂತ ನನಗೆ ಗೊತ್ತಾಗುದು, ಎಷ್ಟು ಚಹಾ ಅಂತ ಇವರು ಕೂಗಿದ ಮೇಲೆ. ಇಲ್ಲಿಂದ ಎಲ್ಲ ಕಾಣ್ತದೆ."

"ಅವರಿಗೂ ನೀನು ಕಾಣ್ತಿಯಲ್ಲ," ಎಂದರು ಕುಶಾಲಪ್ಪನವರು. "ಬಂದವರಿಗೆಲ್ಲ ಅಡಿಗೆ ಮನೆ ತೋರಿಸುದಾ?"

"ಕಾಣಲಿ ಭಾವ. ನಾನೇನು ಅಡಿಗೆಯನ್ನು ಕದ್ದು ಮಾಡುದಾ?"

ಅಷ್ಟು ದಿನವೂ ಬಾಯಿ ತೆರೆಯದಿದ್ದ ಪದ್ಮಯ್ಯಣ್ಣ ಆಗ ಬಗ್ಗಿ ಪರದೆಯನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿ, "ಆ ಕಿಟಕಿ ಇನ್ನು ಸ್ವಲ್ಪ ಅಗಲ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

ಆಗುತ್ತದೆ ಎಂದೆ. ಕುಶಾಲಪ್ಪನವರು ದೇವರ ಕೋಣೆಯಾದರೂ ತಾನು ಹೇಳಿದಲ್ಲಿ ಇರಬೇಕೆಂದು ಹಠ ಹಿಡಿದರು. ಅದಕ್ಕಾಗಿ ದೇವಕಿಯಕ್ಕ ಉಗ್ರಾಣದ ಅರ್ಧ ಬಿಟ್ಟುಕೊಟ್ಟರು. ಕರೆಂಟು ಬಂದದ್ದು ಆಮೇಲೆ.

ಕಳೆದ ತಿಂಗಳು ಸೈಟಿಗೆ ಹೋಗಿದ್ದೆ. ಗೋಡೆಗಳು ಎದೆಮಟ್ಟಕ್ಕೆ ಎದ್ದಿದ್ದವು. ದೇವಕಿಯಕ್ಕ ಅಡಿಗೆ ಕೋಣೆಯಾಗಲಿರುವ ಜಾಗದಲ್ಲಿ, ಕಿಟಕಿಗೆಂದು ಬಿಟ್ಟ ಜಾಗದ ಎದುರು, ಸೊಂಟಕ್ಕೆ ಕೈಯಿಟ್ಟು ನಿಂತು ಮೇಸ್ತ್ರಿಯ ಜೊತೆ ಜಗಳವಾಡುತ್ತಿದ್ದರು.

"ಗೇಟು ಕಾಣುದಿಲ್ಲ. ಒಂದು ಸಾಲು ಕಲ್ಲು ತೆಗೀರಿ."

"ಪ್ಲಾನಿನಲ್ಲಿ ಇಷ್ಟೇ ಎತ್ತರ ಉಂಟು ಅಕ್ಕ."

"ಪ್ಲಾನಿನ ಒಳಗೆ ನಾನು ನಡೆದಿದ್ದೇನೆ. ನೀವು ನಡೆದಿದ್ದೀರಾ? ಅಲ್ಲಿ ಗೇಟು ಕಾಣ್ತಿತ್ತು."

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಹೋಗಿ ದೇವಕಿಯಕ್ಕನ ಪಕ್ಕದಲ್ಲಿ ನಿಂತೆ. ನನಗೆ ಗೇಟು ಕಂಡಿತು. ಅವರು ನನ್ನ ಭುಜದಷ್ಟಕ್ಕೆ ಬರುತ್ತಾರೆ. ಆಗ ನೆನಪಾಯಿತು: ಯಂತ್ರದೊಳಗೆ ನಡೆಯುವವರ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿ ಇರಬೇಕೆಂದು ಒಂದು ಅಂಕಿ ಇರುತ್ತದೆ. ಆ ಸಾಫ್ಟ್‌ವೇರ್ ಮಾಡಿದವರು ಅದನ್ನು ಯಾರೋ ಎತ್ತರದ ಗಂಡಸಿನ ಅಳತೆಗೆ ಇಟ್ಟು ಕಳಿಸಿದ್ದರು. ಇಷ್ಟೆಲ್ಲ ಬದಲಾಯಿಸಿದ ನಾನು ಅದನ್ನೊಂದನ್ನು ಮುಟ್ಟಿಯೇ ಇರಲಿಲ್ಲ.

"ತಪ್ಪು ನನ್ನದು. ತೆಗೀರಿ ಮೇಸ್ತ್ರಿ" ಎಂದೆ. ಅವನು ಗೊಣಗುತ್ತಲೇ ಒಂದು ಸಾಲು ತೆಗೆದ. ದೇವಕಿಯಕ್ಕ ನಿಂತು ನೋಡಿ, "ಈಗ ಸರಿ" ಎಂದರು.

ಆಫೀಸಿಗೆ ಬಂದ ಕೂಡಲೇ ಆ ಅಂಕಿಯನ್ನು ಬದಲಾಯಿಸಿದೆ. ಈಗ ನನ್ನ ಮನೆಗಳೊಳಗೆ ಕಾಲಿಡುವವರೆಲ್ಲರಿಗೂ ದೇವಕಿಯಕ್ಕನ ಎತ್ತರ. ಮೊನ್ನೆ ಪೆರಾಬೆಯ ಆರಡಿಯ ಯಜಮಾನರೊಬ್ಬರು ನೋಡಿ, "ಎಂತ ಇದು, ಎಲ್ಲ ಸ್ವಲ್ಪ ಕೆಳಗಿನಿಂದ ನೋಡಿದ ಹಾಗೆ ಕಾಣ್ತದಲ್ಲ?" ಎಂದರು.

"ಹೌದು," ಎಂದೆ. "ಸ್ವಲ್ಪ ದಿನ ಹಾಗೆ ನೋಡಿ. ಅಭ್ಯಾಸ ಆಗ್ತದೆ."