ಸೇರಿದ ತಾರೀಖು

ಹೊಸ ಕಾರ್ಮಿಕ ಕಾನೂನು ಬಂತು, ಇನ್ನು ಕೂಲಿಯವರಿಗೂ ನೇಮಕದ ಪತ್ರ ಕೊಡಲೇಬೇಕು ಎಂದು ಪೇಪರಿನಲ್ಲಿ ಓದಿದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು. ಆ ಖುಷಿ ನೆನೆದರೆ ಈಗ ವಾಕರಿಕೆ ಬರುತ್ತದೆ.

ತಿಕೋಟಾದಿಂದ ಹೊನವಾಡಕ್ಕೆ ಹೋಗುವ ದಾರಿಯ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ನಾನು ಗುಮಾಸ್ತ. ದಿನಾ ಬಬಲೇಶ್ವರದಿಂದ ಬರುತ್ತೇನೆ. ಮಾಲಿನ ಬಂಗಾರದ ಬಣ್ಣ ಕೆಡಬಾರದೆಂದು ಅಲ್ಲಿ ಒಂದು ಕೋಣೆಯಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಆ ಕೋಣೆಯ ಬಾಗಿಲು ತೆಗೆದು ಟ್ರೇಗಳನ್ನು ಹೊರಗೆಳೆಯುವುದು ಕಳ್ಳಕವಟಗಿಯ ಒಬ್ಬ ಹೆಂಗಸಿನ ಕೆಲಸ. ಮೂಗಿಗೆ ಸೆರಗೇ ಗತಿ. ನಾನು ಸೇರಿ ಎಂಟು ವರ್ಷವಾಯಿತು. ಆಗಲೇ ಆಕೆ ಅಲ್ಲಿ ಹಳಬಳು.

ಶೆಡ್ಡಿನ ಸಾವುಕಾರರು ಖಾಲಿ ನೇಮಕ ಪತ್ರಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಒಗೆದರು.

"ಎಲ್ಲಾರೂ ಈ ತಿಂಗಳ ಒಂದನೇ ತಾರೀಖಿಗೆ ಸೇರ್ಯಾರ ಅಂತ ಬರಿ."

"ಸಾವ್ಕಾರ್ರ, ಹಳಬರು ಅದಾರಲ್ರಿ?"

"ಪತ್ರ ಕೊಡ್ರಿ ಅಂತ ಸರಕಾರ ಹೇಳೇತಿ, ಕೊಡಾಕತ್ತೇವಿ. ನಿನಗ್ಯಾಕ ಬೇಕಲೇ ಊರ ಉಸಾಬರಿ?"

ಬರೆದೆ. ಚಂದದ ಅಕ್ಷರದಲ್ಲಿ ಬರೆದೆ, ಥೂ.

ಓದು ಬಾರದ ಆಕೆ ತನ್ನ ಪತ್ರವನ್ನು ಕಣ್ಣಿಗೊತ್ತಿಕೊಂಡಳು. ಆಧಾರ್ ಇರಲಿ, ರೇಷನ್ ಕಾರ್ಡ್ ಇರಲಿ, ಕೈಗೆ ಬಂದ ಕಾಗದವನ್ನೆಲ್ಲ ಲ್ಯಾಮಿನೇಟ್ ಮಾಡಿಸುವುದು ನಮ್ಮ ಕಡೆಯ ರೂಢಿ. ಆಕೆಯೂ ಸೊಲ್ಲಾಪುರ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಸಿ ತಂದು ಎಲ್ಲರಿಗೂ ತೋರಿಸಿದಳು. ನನಗೆ ಆಕೆಯ ಮುಖ ನೋಡಲಾಗಲಿಲ್ಲ.

ಮುಂದೆ ಆಕೆಯ ಕೆಮ್ಮು ಜೋರಾಯಿತು. ಹೊಗೆಯಿಂದ ಶ್ವಾಸಕೋಶ ಕೆಟ್ಟಿದೆ, ಪರಿಹಾರಕ್ಕೆ ಅರ್ಜಿ ಹಾಕು ಎಂದು ವಿಜಯಪುರದ ಡಾಕ್ಟರು ಹೇಳಿ ಕಳಿಸಿದರು.

"ಸರಾ, ನೀವೂ ಬರ್ರಿ. ನೀವ ಹೇಳಿದ್ರ ನಂಬ್ತಾರ," ಎಂದಳು.

ಸಾವುಕಾರರಿಗೆ ಗೊತ್ತಾದರೆ ನೌಕರಿ ಹೋಗುತ್ತದೆಂಬ ಭಯ ಇಟ್ಟುಕೊಂಡೇ ಹೋದೆ. ಬಸ್ಸಿನಲ್ಲಿ ಆಕೆಗೆ ಜೊಂಪು ಹತ್ತಿದಾಗ ತಾರೀಖು ತಿದ್ದಿಬಿಡೋಣವೆಂದು ಪೆನ್ನು ತೆಗೆದೆ. ಪ್ಲಾಸ್ಟಿಕ್ಕಿನ ಮೇಲೆ ಮಸಿ ನಿಲ್ಲಲಿಲ್ಲ.

ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅಧಿಕಾರಿ ಪತ್ರ ನೋಡಿದರು.

"ಕೆಲಸಕ್ಕ ಸೇರಿ ಮೂರ ತಿಂಗಳಾಗೇತಿ. ಇಷ್ಟರಾಗ ಎದಿ ಕೆಡತೈತೇನವ್ವಾ?"

"ಮೂರ ತಿಂಗಳಲ್ರಿ ಯಪ್ಪಾ, ಹನ್ನೊಂದ ವರ್ಷಾತು. ಬೇಕಾದ್ರ ಸರ್‌ಗೆ ಕೇಳ್ರಿ."

ಅಧಿಕಾರಿ ನನ್ನತ್ತ ತಿರುಗಿ, "ಇದು ನಿಮ್ಮ ಅಕ್ಷರ ಏನ್ರಿ? ತಾರೀಖು ಖರೇ ಐತೇನು?" ಎಂದರು.

ಹೆಂಡತಿ ಮಕ್ಕಳ ಮುಖ ಕಣ್ಣ ಮುಂದೆ ಬಂತು ಎಂದು ಬರೆದುಕೊಂಡರೆ ಅದೂ ಸುಳ್ಳೇ. ಬಂದದ್ದು ಸಾವುಕಾರರ ಮುಖ.

"ಹೌದ್ರಿ, ಖರೇ ಐತ್ರಿ," ಎಂದೆ.

ಆಕೆ ಬೈಯಬಹುದಿತ್ತು. ಮುಖಕ್ಕೆ ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ. ಆಕೆ ಮಾತ್ರ ಸ್ವಲ್ಪ ಹೊತ್ತು ಬೆರಳು ಎಣಿಸಿದಳು, ಕೆಮ್ಮಿದಳು, ಆಮೇಲೆ ಅಧಿಕಾರಿಗೆ ಕೈಮುಗಿದಳು.

"ನಂದ ತಪ್ಪಿರಬೇಕ್ರಿ ಯಪ್ಪಾ. ಸರ್ ಓದಿದವರು, ಸುಳ್ಳ ಹೇಳಂಗಿಲ್ರಿ."