ಟ್ರ್ಯಾಕ್ಟರಿನ ಸೋಮವಾರ

ನಮ್ಮ ಮನೆಯಲ್ಲಿ ದೇವರು ವಾರಕ್ಕೊಂದು ದಿನ ಕಾವಲಿಗೆ ಕೂರುತ್ತಿದ್ದ. ಆ ದಿನ ಸೋಮವಾರ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಟ್ಟರೆ ಬಸವಣ್ಣ ಮುನಿಯುತ್ತಾನೆ ಎಂಬುದು ನಮ್ಮ ಕರೋಶಿ ಕಡೆ ಹೊಲ ಇದ್ದವರಿಗೆಲ್ಲ ಗೊತ್ತಿದ್ದ ಕಾನೂನು. ಬಿತ್ತನೆಯ ಹದ ತಪ್ಪಿದರೂ ಸರಿ, ಸೋಮವಾರ ಎತ್ತು ಹೂಡುವಂತಿಲ್ಲ. ಅವತ್ತು ಅವುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಮೇವು ಹಾಕಿ ಸುಮ್ಮನೆ ಬಿಡಬೇಕು. ಮುರಿದವರ ಗತಿ ಏನಾಯಿತು ಎಂಬ ಕಥೆಗಳು ಅಪ್ಪನ ಬಾಯಲ್ಲೇ ಇದ್ದವು. ಯಾವನೋ ಒಬ್ಬ ಸೋಮವಾರ ಗಾಡಿ ಕಟ್ಟಿ ನಿಪ್ಪಾಣಿಗೆ ತಂಬಾಕು ಒಯ್ದನಂತೆ. ದಾರಿಯಲ್ಲಿ ಗಾಡಿಯ ಅಚ್ಚು ಮುರಿಯಿತು, ಅದು ಹೋಗಲಿ, ಅವನ ಎಡಗಡೆಯ ಮೀಸೆ ಮತ್ತೆ ಚಿಗುರಲೇ ಇಲ್ಲವಂತೆ. ಬಸವಣ್ಣನಿಗೂ ಮೀಸೆಗೂ ಏನು ಸಂಬಂಧ ಎಂದು ಕೇಳಿದರೆ ಅಪ್ಪ ನನ್ನ ಕಡೆ ಮರುಕದಿಂದ ನೋಡುತ್ತಿದ್ದ.

ನಾನಾಗ ದಿನಾ ಬಸ್ಸು ಹತ್ತಿ ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚರ್ಚಾ ಸ್ಪರ್ಧೆಯಲ್ಲಿ ಒಂದು ಸ್ಟೀಲ್ ತಾಟು ಗೆದ್ದು ತಂದ ಮೇಲೆ ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ. ಊಟಕ್ಕೆ ಕೂತಲ್ಲೇ ಅಪ್ಪನ ಜೊತೆ ವಾದಕ್ಕಿಳಿಯುತ್ತಿದ್ದೆ.

"ಅಪ್ಪಾ, ಶಿಕ್ಷಾ ಕೊಡ್ತಾನ ಅಂತ ಅಂಜಿ ಕೈ ಮುಗಿಯೋದು ಭಕ್ತಿ ಅಲ್ಲ. ಹಂಗಾದ್ರ ದೇವ್ರಿಗೂ ಫೌಜದಾರಗೂ ಏನ ಫರಕು?"

ಅಪ್ಪ ರೊಟ್ಟಿ ಮುರಿಯುತ್ತ, "ಫೌಜದಾರಗ ಅಂಜೇ ನಾವು ಸೈಕಲ್ಲಿಗೆ ದೀಪ ಹಚ್ಚತೀವಿ. ಅಂಜಿ ಹಚ್ಚಿದ್ರೂ ದಾರಿ ಕಾಣ್ತೈತೋ ಇಲ್ಲೋ, ಹೇಳವಾ?" ಎಂದ.

ಸ್ಟೀಲ್ ತಾಟಿನಲ್ಲೇ ಉಣ್ಣುತ್ತಿದ್ದ ನಾನು ಪಲ್ಯ ಹಾಕಿಸಿಕೊಳ್ಳುವ ನೆಪದಲ್ಲಿ ಮಾತು ಬದಲಿಸಿದೆ.

ಈ ವಾದದಲ್ಲಿ ಅವ್ವ ಬಾಯಿ ಹಾಕುತ್ತಿರಲಿಲ್ಲ. ಅವಳಿಗೆ ಸೋಮವಾರ ಬೇಕಾಗಿತ್ತು, ಅಷ್ಟೆ. ಎತ್ತು ಹೊಲಕ್ಕೆ ಹೋಗದಿದ್ದರೆ ಗಂಡಸರು ಹೋಗುತ್ತಿರಲಿಲ್ಲ, ಗಂಡಸರು ಹೋಗದಿದ್ದರೆ ಅವರಿಗೆ ಬುತ್ತಿ ಹೊರುವ ಕೆಲಸವಿಲ್ಲ, ಕಳೆ ತೆಗೆಯುವ ಕೆಲಸವಿಲ್ಲ. ಅವ್ವ ಅವತ್ತು ತಲೆಗೆ ಎರೆದುಕೊಂಡು, ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಪಡಸಾಲೆಯ ಕಂಬಕ್ಕೆ ತಲೆ ಹಚ್ಚಿ ಕಾಲು ಚಾಚಿ ಮಲಗುತ್ತಿದ್ದಳು. ಹಗಲು ಹೊತ್ತು ಅವಳು ಮಲಗಿದ್ದನ್ನು ನಾನು ಸೋಮವಾರ ಬಿಟ್ಟು ಬೇರೆ ದಿನ ಕಂಡಿಲ್ಲ. ಜ್ವರ ಬಂದರೂ ಅವಳು ಸೋಮವಾರದ ದಾರಿ ಕಾಯಬೇಕಿತ್ತು.

ಹೀಗಿರುವಾಗ, ನನ್ನ ಕಾಲೇಜಿಗೆ ಬೇಸಿಗೆ ಸೂಟಿ ಬಿಟ್ಟ ಹೊತ್ತಿಗೆ, ಅಪ್ಪ ಕಾಗವಾಡದ ಕಡೆಯಿಂದ ಒಂದು ಹಳೆಯ ಟ್ರ್ಯಾಕ್ಟರ್ ತಂದ. ಒಂದು ಜೋಡಿ ಎತ್ತು ಉಳಿಸಿಕೊಂಡು ಇನ್ನೊಂದನ್ನು ಕೊಟ್ಟುಬಿಟ್ಟ. ಟ್ರ್ಯಾಕ್ಟರಿಗೆ ಭರ್ಜರಿ ಪೂಜೆಯಾಯಿತು. ಮೂತಿಗೆ ವಿಭೂತಿ, ಭಂಡಾರ, ಗಾಲಿಯ ಕೆಳಗೆ ಲಿಂಬೆಹಣ್ಣು. "ಇನ್ನ ನಮ್ಮ ಮನೀ ಬಸವಣ್ಣ ಇದ" ಎಂದು ಅಪ್ಪ ಕಣ್ಣಲ್ಲಿ ನೀರು ತಂದುಕೊಂಡು ಅಡ್ಡಬಿದ್ದ. ಅದು ಶುಕ್ರವಾರ.

ಸೋಮವಾರ ಬೆಳಗ್ಗೆ ನೋಡಿದರೆ ಟ್ರ್ಯಾಕ್ಟರ್ ಬಾಗಿಲಲ್ಲಿ ಗುರುಗುಡುತ್ತಿದೆ, ಅಪ್ಪ ತಲೆಗೆ ಟವೆಲ್ ಸುತ್ತಿ ಮೇಲೆ ಕೂತಿದ್ದಾನೆ. ಅವ್ವ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಇವತ್ತ ಸೋಮಾರ ಐತ್ರಿ."

"ಸೋಮಾರ ಎತ್ತಿಗಿ. ಇದಕ್ಕೆಲ್ಲಿ ಕೊಂಬ ಅದಾವ?"

"ಮೊನ್ನೆ ಬಸವಣ್ಣ ಅಂತ ಅಡ್ಡಬಿದ್ರಿ. ಇಷ್ಟರಾಗ ಕಬ್ಬಣ ಆತೇನ್ರಿ?"

ಅಪ್ಪ ತಬ್ಬಿಬ್ಬಾಗಿ ನನ್ನ ಕಡೆ ತಿರುಗಿದ. "ನೀ ಕಲತಾಕಿ ಅದೀ. ಹೇಳವಾ, ಬಸವಣ್ಣ ಡೀಸೆಲ್ ಕುಡೀತಾನೇನು?"

ಅಪ್ಪನ ತಲೆಯಲ್ಲಿ ಕಡೆಗೂ ವಿಚಾರದ ದೀಪ ಹೊತ್ತಿತಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. "ಇಲ್ಲಪ್ಪಾ, ಅದು ಬರೀ ಎಂಜಿನ್ನು" ಎಂದುಬಿಟ್ಟೆ. ಅವ್ವ ನನ್ನನ್ನು ಒಂದು ಸಲ ನೋಡಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಬಡಿತ ರೊಟ್ಟಿಗೆ ಬೇಕಾದ್ದಕ್ಕಿಂತ ಜೋರಾಗಿತ್ತು. ಟ್ರ್ಯಾಕ್ಟರ್ ನೇಗಿಲು ಹೊಡೆದಲ್ಲೆಲ್ಲ ಮೇಲೆದ್ದ ಜೋಳದ ಕೂಳೆ ಆರಿಸಲು ಹೆಂಗಸರು ಬೇಕು, ಅವರಿಗೆಲ್ಲ ಬುತ್ತಿ ಬೇಕು. ಅವ್ವ ಬುಟ್ಟಿ ಹೊತ್ತು ನಡೆದಾಗಲೇ ನನ್ನ ಜಾಣತನದ ಬೆಲೆ ನನಗೆ ತಿಳಿದದ್ದು. ಎತ್ತಿಗೆ ದೇವರಿದ್ದ, ಅವಳಿಗೆ ಯಾರೂ ಇರಲಿಲ್ಲ.

ಅವತ್ತೇ ನಾನು ಪಕ್ಷ ಬದಲಿಸಿದೆ. ಊಟಕ್ಕೆ ಕೂತಾಗ, "ಅಪ್ಪಾ, ಗುಡಿಯಾಗಿನ ಬಸವಣ್ಣ ಕಲ್ಲಿಂದು. ಅದೇನ ಹುಲ್ಲ ತಿಂತೈತಿ? ಕಲ್ಲು ಬಸವಣ್ಣ ಆದ್ರ ಕಬ್ಬಣ ಯಾಕ ಆಗಬಾರದು?" ಎಂದೆ.

"ನಿನ್ನೆ ಮೊನ್ನೆ ದೇವ್ರ ಫೌಜದಾರ ಅಂತಿದ್ದಿ?"

"ಆ ಫೌಜದಾರ ಸುಮ್ನ ಬಿಡಾವಲ್ಲ, ಜ್ವಾಕಿ" ಎಂದೆ. ಅಪ್ಪ ಬಿದ್ದು ಬಿದ್ದು ನಕ್ಕ. ಮುಂದಿನ ಸೋಮವಾರಗಳಲ್ಲೂ ಟ್ರ್ಯಾಕ್ಟರ್ ಹೋಯಿತು, ಹಿಂದೆ ಅವ್ವನೂ ಹೋದಳು. ಸಂಜೆ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಬಸವಣ್ಣನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೀಸೆ ಬೋಳಿಸುವಷ್ಟು ಪುರಸೊತ್ತು ಇದ್ದವನಿಗೆ ಇದು ಕಾಣುವುದಿಲ್ಲವೇ?

ಕಂಡಿತೋ ಏನೋ. ರಾತ್ರಿಯಿಡೀ ಮಳೆ ಸುರಿದ ಮಾರನೆಯ ಸೋಮವಾರ ಹಳ್ಳದ ಪಕ್ಕದ ಎರೆ ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ಹುಗಿದುಹೋದವು. ಅಪ್ಪ ಆಕ್ಸಿಲರೇಟರ್ ಒತ್ತಿದಷ್ಟೂ ಅದು ಕೆಳಗೆ ಇಳಿಯಿತು. ಊರಲ್ಲಿದ್ದ ಇನ್ನೊಂದು ಟ್ರ್ಯಾಕ್ಟರ್ ಅಥಣಿ ಕಡೆ ಹೋಗಿತ್ತು. ಎಳೆದು ತೆಗೆಯಲು ಎತ್ತುಗಳೇ ಆಗಬೇಕು. ಅಪ್ಪ ಪಕ್ಕದ ಹೊಲದ ಯಜಮಾನನ ಹತ್ತಿರ ಹೋದ. ಆ ಮುದುಕ ಎಲೆ ಅಡಿಕೆ ಉಗುಳಿ, "ಇವತ್ತ ಯಾ ವಾರ?" ಎಂದ.

"ಸೋಮಾರ..."

"ಮತ್ತ?"

ಅಪ್ಪ ಮರಳಿ ಬಂದ. ನಮ್ಮದೇ ಎತ್ತುಗಳು ಮನೆಯಲ್ಲಿ ಮೈ ತೊಳೆಸಿಕೊಂಡು ಮೇವು ಮೆಲ್ಲುತ್ತಿದ್ದವು. "ಅವನ್ನ ಹೊಡಕೊಂಡು ಬರ್ಲೇನಪ್ಪಾ?" ಎಂದು ಕೇಳಿದೆ. ಅಪ್ಪನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಎಂಜಿನ್ನಿನ ಮುಂದೆ ಅಷ್ಟು ಧೈರ್ಯ ತೋರಿದ ಮನುಷ್ಯ ಕೊಟ್ಟಿಗೆಯ ಮುಂದೆ ಹಳೆಯ ಭಕ್ತನೇ ಆಗಿದ್ದ. ಬದುವಿನ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತುಬಿಟ್ಟ.

ಅಷ್ಟರಲ್ಲಿ ಅವ್ವ ಬುತ್ತಿ ತಂದಳು. ಅರ್ಧ ಕೆಸರಲ್ಲಿ ಕೂತ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿ, ಅದರ ಮೂತಿ ಸವರಿ, "ಪಾಪ, ದಣದೈತಿ. ಸೋಮಾರ ಅಂತ ಬಸವಣ್ಣ ಕಾಲ ಮಡಚಿ ಮಲಗ್ಯಾನ. ಎಬ್ಬಸಬ್ಯಾಡ್ರಿ, ಸಿಟ್ಟಾಗ್ತಾನ" ಎಂದಳು. ಆಮೇಲೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಎಲ್ಲರಿಗಿಂತ ಮೊದಲು ತಾನು ಉಂಡಳು, ಮುಖದ ಮೇಲೆ ಸೆರಗು ಎಳೆದುಕೊಂಡು ಅಲ್ಲೇ ಮಲಗಿದಳು. ಕೂಳೆ ಆರಿಸಲು ಬಂದ ಹೆಂಗಸರೂ ಸಾಲಾಗಿ ಮಲಗಿದರು. ಎಚ್ಚರ ಇದ್ದದ್ದು ಅಪ್ಪ ಒಬ್ಬನೇ.

ಮಂಗಳವಾರ ಬೆಳಕು ಹರಿಯುತ್ತಲೇ ಎತ್ತುಗಳು ಟ್ರ್ಯಾಕ್ಟರನ್ನು ಎಳೆದು ಹಾಕಿದವು. ಅಪ್ಪ ಕಾಯಿ ಒಡೆದು ಕೆನ್ನೆ ಬಡಿದುಕೊಂಡ. ಅಂದಿನಿಂದ ನಮ್ಮ ಟ್ರ್ಯಾಕ್ಟರಿಗೂ ಸೋಮವಾರ ಸೂಟಿ. ಅವತ್ತು ಅದರ ಮೈ ತೊಳೆದು, ಮೂತಿಗೆ ವಿಭೂತಿ ಹಚ್ಚಿ, ಮೇಲೆ ತಾಡಪತ್ರಿ ಹೊದಿಸಿ ಅಪ್ಪ ಕೈ ಮುಗಿಯುತ್ತಿದ್ದ. ರಾಯಬಾಗದಿಂದ ಬಂದ ಬೀಗರೊಬ್ಬರು ಇದನ್ನು ನೋಡಿ ನಗಲು ಹೋಗಿ, ಅಪ್ಪ ಮೀಸೆಯ ಕಥೆ ಹೇಳಿದ ಮೇಲೆ ತಮ್ಮ ಮೀಸೆ ಮುಟ್ಟಿ ನೋಡಿಕೊಂಡರು.

ನನಗೆ ಸಂತೋಷವಾಗಿತ್ತು, ಆದರೆ ಚರ್ಚೆಯ ಚಟ ಬಿಡಬೇಕಲ್ಲ. ಒಂದು ಸೋಮವಾರ ಪಡಸಾಲೆಯಲ್ಲಿ ಅವ್ವನ ಹಸಿ ಕೂದಲು ಬಿಡಿಸುತ್ತ ಕೂತಾಗ ಕೇಳಿದೆ. "ಖರೇ ಹೇಳಬೇ. ಟ್ರ್ಯಾಕ್ಟರ್ ಹೊಡದ್ರ ಬಸವಣ್ಣಗ ಸಿಟ್ಟ ಬರ್ತೈತಂತ ನೀ ನಂಬತೀಯೇನು?"

ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಕಾಲ ನೋಯ್ತಾವ್ರಿ, ಒಂದಿನಾ ಕೂಡತೀನ್ರಿ ಅಂತ ಲಗ್ನ ಆದಾಗಿಂದ ನಿಮ್ಮಪ್ಪಗ ಹೇಳೇನಿ. ಕೇಳಲಿಲ್ಲ. ಬಸವಣ್ಣ ಸಿಟ್ಟಾಗ್ತಾನ ಅಂದೆ, ಕೇಳಿದ್ರು. ಬಸವಣ್ಣಗ್ಯಾಕ ಸಿಟ್ಟ ಬರ್ಬೇಕವಾ? ಸಿಟ್ಟ ಬಂದಿದ್ದು ನನಗ. ಆದ್ರ ನನ್ನ ಸಿಟ್ಟಿಗೆ ಈ ಮನ್ಯಾಗ ಯಾರ ಅಂಜತಾರ?"